ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸ್ ಎದುರಿನ ಡಿಟಿಪಿ ಅಂಗಡಿ: ಮನವಿ ಬರೆಸುವ ಶಿಕ್ಷಕರಿಗೆ ಒಂದು ರಿವ್ಯೂ

ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಟ್ ಅಂತ ಆಮೇಲೆ ಹೇಳುತ್ತೇನೆ.

ನಾನು ಹಾವೇರಿ ಜಿಲ್ಲೆಯ ಸಣ್ಣ ಊರೊಂದರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಟೀಚರ್. ಒಂದರಿಂದ ಐದನೇ ತರಗತಿ, 38 ಮಕ್ಕಳು, ನಾವಿಬ್ಬರೇ. ಕಾನೂನು ಪ್ರಕಾರ ಇದು ಸರಿಯಾಗಿಯೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಅಂತಲೇ ಇದೆ. ಅಲ್ಲಿ ಮಕ್ಕಳನ್ನು ಎಣಿಸಿದ್ದಾರೆ, ತರಗತಿಗಳನ್ನು ಎಣಿಸಿಲ್ಲ. ನಮ್ಮಿಬ್ಬರಲ್ಲಿ ಒಬ್ಬರು ಹೆಡ್‌ಮಾಸ್ಟರ್ ಚಾರ್ಜ್‌ನಲ್ಲಿದ್ದಾರೆ. ಅವರು ಮೀಟಿಂಗಿಗೋ ತರಬೇತಿಗೋ ಹೋದರೆ ನಲಿ-ಕಲಿಯ (ಒಂದರಿಂದ ಮೂರನೇ ತರಗತಿಯವರನ್ನು ಒಟ್ಟಿಗೇ ಕೂರಿಸಿ ಕಾರ್ಡ್‌ಗಳಿಂದ ಕಲಿಸುವ ಪದ್ಧತಿ) ಮೂರು ತರಗತಿ, ಜೊತೆಗೆ ನಾಲ್ಕು, ಐದು, ಬಿಸಿಯೂಟದ ಲೆಕ್ಕ, ಎಲ್ಲಾ ನನ್ನ ತಲೆಗೇ. ಕ್ಲಸ್ಟರ್ ಮೀಟಿಂಗಿನಲ್ಲಿ ಗೊಣಗಿ ಗೊಣಗಿ ಸಾಕಾಗಿತ್ತು. ಜೂನ್‌ನಿಂದ ಒಬ್ಬಳೇ ಇದ್ದ ದಿನಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಅಕ್ಕಪಕ್ಕದ ಆರು ಶಾಲೆಯವರೂ ಬರೆದರು. ಇದನ್ನೆಲ್ಲಾ ಮನವಿ ಮಾಡಿ ಕೊಡೋಣ ಅಂತ ಹೊರಟಾಗ ಈ ಅಂಗಡಿ ಸಿಕ್ಕಿತು.

ಒಂದು ಕಂಪ್ಯೂಟರ್, ಒಂದು ಝೆರಾಕ್ಸ್ ಮಷಿನ್, ಕುಂಟುವ ಸ್ಟೂಲ್, ಅಷ್ಟೇ ಅಂಗಡಿ. ನಡೆಸುವ ಕಾಕಾ ಹಿಂದೆ ಕೋರ್ಟ್ ಎದುರು ಟೈಪ್‌ರೈಟರ್ ಇಟ್ಟುಕೊಂಡು ಕೂತವರಂತೆ. ನನ್ನ ನಾಲ್ಕು ಹಾಳೆ ಓದಿ ಕನ್ನಡಕ ತೆಗೆದರು. "ಅಕ್ಕೋರ, ಇದು ಮನವಿ ಅಲ್ರೀ, ಭಾಷಣ ಆಗೇತಿ. ಸಾಹೇಬ್ರು ವಿಷಯ ಓದತಾರ, ಕಡೀಕ ಸಹಿ ನೋಡತಾರ. ನಡುವಿಂದು ಯಾರ ಓದತಾರ?" ಸ್ವಲ್ಪ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ.

ಆದರೆ ಮಾಡಿದ ಕೆಲಸ ನೋಡಿ. ವಿಷಯದ ಮುಂದೆ ನಾನು "ಗ್ರಾಮೀಣ ಮಕ್ಕಳ ಭವಿಷ್ಯ ಉಳಿಸುವ ಬಗ್ಗೆ" ಅಂತ ಬರೆದಿದ್ದೆ. ಅವರು ಅದನ್ನು ಹೊಡೆದು "60ಕ್ಕಿಂತ ಕಡಿಮೆ ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಗಳಿಗೆ ಮೂರನೇ ಶಿಕ್ಷಕರ ಹುದ್ದೆ ಮಂಜೂರು ಮಾಡುವ ಕುರಿತು" ಅಂತ ಮಾಡಿದರು. ಉಲ್ಲೇಖದಲ್ಲಿ ಕಾಯ್ದೆ, ಅನುಸೂಚಿ. ನೋಟ್‌ಬುಕ್ಕಿನ ದಿನಗಳು ಕೋಷ್ಟಕವಾಗಿ ಅಡಕಕ್ಕೆ ಹೋದವು. ಜಗಳ ಆಗಿದ್ದು ನಲಿ-ಕಲಿ ಪ್ಯಾರಾಗೆ. 1995ರ ಹೊತ್ತಿಗೆ ಮೈಸೂರು ಜಿಲ್ಲೆ ಎಚ್.ಡಿ. ಕೋಟೆಯ ಶಿಕ್ಷಕರು ಆಂಧ್ರದ ಋಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ತಾವೇ ಕೂತು ಕಾರ್ಡ್ ಮಾಡಿ ಶುರು ಮಾಡಿದ್ದು ಅದು, 2009-10ರಲ್ಲಿ ಇಡೀ ರಾಜ್ಯಕ್ಕೆ ಬಂತು, ಶಿಕ್ಷಕರು ಹೇಳಿದ್ದನ್ನು ಇಲಾಖೆ ಕೇಳಿದ ಉದಾಹರಣೆ ಇದ್ದೇ ಇದೆ ಅಲ್ವಾ ಅಂತ ನನ್ನ ವಾದ. ಅರ್ಧ ಗಂಟೆ ಜಗ್ಗಾಡಿ ಒಂದು ವಾಕ್ಯ ಉಳಿಸಿಕೊಂಡೆ. ಕೊನೆಗೆ ಮನವಿ ಒಂದೇ ಪುಟ.

ಪೇಪರಿನವರಿಗೂ ಒಂದು ಕಾಪಿ ಕೊಡೋಣವಾ ಅಂದಾಗ ಕಾಕಾ ತಲೆ ಅಲ್ಲಾಡಿಸಿದರು. ಸರ್ಕಾರಿ ನೌಕರರಿಗೆ 2021ರ ನಡತೆ ನಿಯಮಗಳಿವೆ, ಸುಮ್ನೆ ನೋಟಿಸ್ ತೆಗೆದುಕೊಳ್ಳಬೇಡಿ, "ಮುಖಾಂತರ" ಅಂತ ಹಾಕಿ ಬಿಇಒ ಮೂಲಕವೇ ಕಳಿಸಿ ಅಂದರು. ಎರಡು ಪ್ರತಿ ಒಯ್ದು ಒಂದಕ್ಕೆ ಟಪಾಲು ಸೀಲ್ ಹಾಕಿಸಿಕೊಂಡೇ ಬನ್ನಿ ಅಂತಲೂ ಹೇಳಿದರು. ಡಿಟಿಪಿ ಮಾಡಿಸಲು ಹೋಗಿ ಇದನ್ನೆಲ್ಲಾ ಕಲಿತು ಬಂದೆ.

ಈಗ ಆ ಒಂದು ಸ್ಟಾರ್. ಇವರು ಹಳೇ ನುಡಿ ಫಾಂಟಿನಲ್ಲೇ ಟೈಪ್ ಮಾಡುತ್ತಾರೆ. ಉಳಿದ ಶಾಲೆಯವರಿಗೆ ಕಳಿಸಿದ ಫೈಲ್ ಅವರ ಮೊಬೈಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೆಯಿತು. ಯೂನಿಕೋಡ್‌ಗೆ ಬದಲಿಸಿದಾಗ ಒತ್ತಕ್ಷರಗಳು ಎಲ್ಲೆಲ್ಲೋ ಹಾರಿದವು, ಒಂದೊಂದೇ ತಿದ್ದುತ್ತಾ ಕೂತು ನನ್ನ ಕೊನೇ ಬಸ್ ತಪ್ಪಿತು. ಅದಕ್ಕೆ ಜಾಸ್ತಿ ದುಡ್ಡು ಕೇಳಲಿಲ್ಲ, ನಿಜ. ಆದರೂ ಮೊದಲೇ ಯೂನಿಕೋಡ್‌ನಲ್ಲಿ ಮಾಡಿ ಅಂತ ಹೇಳಿಬಿಡಿ.

ರೇಟು: ಕನ್ನಡ ಟೈಪಿಂಗ್ ಪುಟಕ್ಕೆ 40, ಝೆರಾಕ್ಸ್ 2 ರೂಪಾಯಿ. ಫೋನ್‌ಪೇ ಇದೆ.

ಮನವಿ ಕೊಟ್ಟು ಐದು ವಾರವಾಯಿತು, ಇನ್‌ವರ್ಡ್ ನಂಬರ್ ಬಿಟ್ಟರೆ ಏನೂ ಬಂದಿಲ್ಲ. ಫೈಲ್ ಎಲ್ಲಿದೆ ಅಂತ ಆರ್‌ಟಿಐ ಹಾಕಲು ಈ ಶನಿವಾರ ಶಾಲೆ ಬಿಟ್ಟ ಮೇಲೆ ಮತ್ತೆ ಅಲ್ಲಿಗೇ ಹೋಗುತ್ತಿದ್ದೇನೆ. 10 ರೂಪಾಯಿ ಪೋಸ್ಟಲ್ ಆರ್ಡರ್ ತೆಗೆದಿಟ್ಟಿದ್ದೇನೆ. ಕರ್ನಾಟಕದ ನಿಯಮದಲ್ಲಿ ಆ ಅರ್ಜಿ 150 ಪದ ಮೀರಬಾರದು, ನಾನು ಬರೆದಿದ್ದು ಈಗಲೇ ಎರಡು ಪುಟ ದಾಟಿದೆ, ಕಾಕಾನ ಕತ್ತರಿಗೆ ಕೆಲಸ ಇದೆ. ನೀವೂ ಹೋಗುವುದಾದರೆ ಮಧ್ಯಾಹ್ನವೇ ಹೋಗಿ, ಬೆಳಗ್ಗೆ ಜಾತಿ-ಆದಾಯ ಪ್ರಮಾಣಪತ್ರದವರ ರಶ್ ಇರುತ್ತದೆ.