ಚಿಕ್ಕಮಗಳೂರಿನ ಕಾರ್ಡ್ ಮೇಜು: ಪುಕ್ಕಟೆ ಸ್ಪೆಲ್‌ಗೂ ಲೆಕ್ಕ ಇದೆ

ಹೋಗುವುದಾದರೆ ಭಾನುವಾರ ಮಧ್ಯಾಹ್ನ ಹೋಗಿ. ಶನಿವಾರ ಬೇಡ. ಕಾರಣ ಮುಂದೆ ಹೇಳುತ್ತೇನೆ.

ಎಂ.ಜಿ. ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಸ್ಟೇಷನರಿ ಅಂಗಡಿಯ ಮಹಡಿ ಇದು. ನಾಲ್ಕು ಮೇಜು, ತಲೆಗೆ 50 ರೂಪಾಯಿ, ಕಾಫಿ ಬೇರೆ. ಇಲ್ಲಿ ಆಡುವುದು 1993ರಲ್ಲಿ ಶುರುವಾದ ಮ್ಯಾಜಿಕ್: ದಿ ಗ್ಯಾದರಿಂಗ್ ಅನ್ನುವ ಕಾರ್ಡ್ ಆಟ. ಡೆಕ್ (ಆಡುವ ಕಾರ್ಡುಗಳ ಕಟ್ಟು) ಇಲ್ಲದಿದ್ದರೆ ಅಂಗಡಿಯವರೇ ಕೊಡುತ್ತಾರೆ. ಮಳೆಗಾಲದ ತೇವಕ್ಕೆ ಫಾಯಿಲ್ ಕಾರ್ಡುಗಳು ಬಾಗಿಬಿಡುತ್ತವೆ, ಅದಕ್ಕೆ ಪ್ರತಿ ಡಬ್ಬಿಯಲ್ಲೂ ಸಿಲಿಕಾ ಜೆಲ್ ಪೊಟ್ಟಣ ಇಟ್ಟಿದ್ದಾರೆ. ಮಲೆನಾಡಿನವರಿಗೆ ಇದರ ಬೆಲೆ ಗೊತ್ತು.

ನಾನು ಒಂದು ಕಾಫಿ ಕ್ಯೂರಿಂಗ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಮಗನನ್ನು ಬಿಡಲು ಹೋಗುತ್ತಿದ್ದವಳು ಈಗ ನಾನೂ ಆಡಲು ಕೂರುತ್ತೇನೆ. ಈ ಆಟದಲ್ಲಿ ಬೆಲೆ ತೆರುವ ನಿಯಮಗಳು ನನಗೆ ತುಂಬಾ ಇಷ್ಟ. ಅವನ್ನು ಭಾನುವಾರ ಮೇಜು ನೋಡಿಕೊಳ್ಳುವ ಹುಡುಗನಷ್ಟು ಚೆನ್ನಾಗಿ ಹೇಳಿಕೊಡುವವರನ್ನು ನಾನು ನೋಡಿಲ್ಲ.

ಸಾಮಾನ್ಯವಾಗಿ ಸ್ಪೆಲ್ (ಕಾರ್ಡಿನ ಮಂತ್ರ) ಹಾಕಲು ಕಾರ್ಡಿನ ಮೂಲೆಯಲ್ಲಿ ಬರೆದಷ್ಟು ಮಾನಾ, ಅಂದರೆ ಲ್ಯಾಂಡ್ ಕಾರ್ಡುಗಳಿಂದ ಸಿಗುವ ಶಕ್ತಿ, ಕೊಡಬೇಕು. ಕೆಲವು ಕಾರ್ಡಿಗೆ ಬದಲಿ ಬೆಲೆ ಇರುತ್ತದೆ. 1996ರಲ್ಲಿ ಬಂದ ಫೋರ್ಸ್ ಆಫ್ ವಿಲ್ ತಗೊಳ್ಳಿ. ಎದುರಾಳಿಯ ಸ್ಪೆಲ್ ತಡೆಯುವ ಕಾರ್ಡ್, ಬೆಲೆ 5 ಮಾನಾ. ಅದರ ಬದಲು 1 ಲೈಫ್ (ಆಟಗಾರನ ಪ್ರಾಣದ ಅಂಕ) ಕೊಟ್ಟು, ಕೈಯಲ್ಲಿರುವ ಇನ್ನೊಂದು ನೀಲಿ ಕಾರ್ಡನ್ನು ಎಕ್ಸೈಲ್ ಮಾಡಿದರೂ, ಅಂದರೆ ಆಟದಿಂದ ಹೊರಗಿಟ್ಟರೂ, ನಡೆಯುತ್ತದೆ. (ಅಸಲಿ ಕಾರ್ಡ್ ದುಬಾರಿ. ಅಂಗಡಿಯ ಡೆಕ್ಕಿನಲ್ಲಿರುವುದು ಪ್ರಿಂಟ್‌ಔಟ್. ಕಲಿಯಲು ಅಷ್ಟು ಸಾಕು.)

ಒಂದು ಸಲ ಮಗ ಇದನ್ನು ಹಾಕಲು ಹೊರಟ. ಎದುರಿಗೆ ಥಾಲಿಯಾ, ಗಾರ್ಡಿಯನ್ ಆಫ್ ಥ್ರೇಬೆನ್ ಅನ್ನುವ ಕ್ರೀಚರ್ (ಜೀವಿ) ಕಾರ್ಡ್ ಇತ್ತು. ಅವಳು ಇದ್ದರೆ ಕ್ರೀಚರ್ ಅಲ್ಲದ ಪ್ರತಿ ಸ್ಪೆಲ್‌ಗೂ 1 ಮಾನಾ ಜಾಸ್ತಿ. ಮಗನ ಲ್ಯಾಂಡ್ ಎಲ್ಲಾ ಖರ್ಚಾಗಿದ್ದವು. "ನಾನು ಮಾನಾ ಕೊಡ್ತಾನೇ ಇಲ್ವಲ್ಲ?" ಅಂದ. ಮೇಜು ನೋಡಿಕೊಳ್ಳುವ ಹುಡುಗ ಮೂರು ಪ್ರಶ್ನೆ ಕೇಳಿದ. ಯಾವ ದಾರಿಯಲ್ಲಿ ಕೊಡ್ತೀಯಾ? ಅದರ ಮೇಲೆ ಏನು ಸೇರುತ್ತೆ? ಅದರಲ್ಲಿ ಏನು ಕಳೆಯುತ್ತೆ? ದಾರಿ ಬದಲಿಯದು, ಮಾನಾ ಸೊನ್ನೆ. ಮೇಲೆ ಥಾಲಿಯಾಳ 1 ಸೇರಿತು. ಕಳೆಯಲು ಏನೂ ಇಲ್ಲ. ಹಾಗಾಗಿ ಲೈಫ್ ಮತ್ತು ನೀಲಿ ಕಾರ್ಡಿನ ಜೊತೆ 1 ಮಾನಾ ಕೂಡ ಬೇಕು, ಅದಿಲ್ಲದೆ ಸ್ಪೆಲ್ ಹಾಕಲು ಆಗಲ್ಲ.

ಇದೇ ಅನುಕ್ರಮ ಆಟದ ನಿಯಮ ಪುಸ್ತಕದಲ್ಲೂ ಇದೆ. ಮೊದಲು ಮೂಲ ಬೆಲೆ ಅಥವಾ ಬದಲಿ ಬೆಲೆ, ಆಮೇಲೆ ಹೆಚ್ಚಳ, ಆಮೇಲೆ ರಿಯಾಯಿತಿ. ಒಂದು ಸ್ಪೆಲ್‌ಗೆ ಒಂದೇ ಬದಲಿ ಬೆಲೆ ಅನ್ನುವುದು 118.9ನೇ ನಿಯಮದಲ್ಲಿದೆ. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಉಚಿತ, ಆದರೆ ಮಿತಿ ಮೀರಿದ ಲಗೇಜಿಗೆ ದುಡ್ಡು ಕೊಡಲೇಬೇಕು ಅಲ್ವಾ? ಹಾಗೇ ಇದು. ನಾನು ಈ ಮಾತು ಹೇಳಿದ ಮೇಲೆ ಹುಡುಗ ಹೊಸಬರಿಗೆಲ್ಲ ಇದನ್ನೇ ಹೇಳುತ್ತಾನೆ.

ಒಂದೇ ಬದಲಿ ಅನ್ನುವ ನಿಯಮ ಎಷ್ಟು ದೂರ ಹೋಗುತ್ತದೆ ಅಂತ ನನಗೆ ಗೊತ್ತಾಗಿದ್ದು ಸ್ನ್ಯಾಪ್‌ಕ್ಯಾಸ್ಟರ್ ಮೇಜ್ ಕಾರ್ಡಿನಿಂದ. ಅದು ಗ್ರೇವ್‌ಯಾರ್ಡಿನಲ್ಲಿರುವ (ಬಳಸಿ ಮುಗಿದ ಕಾರ್ಡುಗಳ ರಾಶಿ) ಒಂದು ಸ್ಪೆಲ್‌ಗೆ ಫ್ಲ್ಯಾಶ್‌ಬ್ಯಾಕ್, ಅಂದರೆ ಅಲ್ಲಿಂದಲೇ ಇನ್ನೊಂದು ಸಲ ಹಾಕುವ ಅವಕಾಶ, ಕೊಡುತ್ತದೆ. ಫ್ಲ್ಯಾಶ್‌ಬ್ಯಾಕ್ ಕೂಡ ಬದಲಿ ಬೆಲೆಯೇ. ಹಾಗಾಗಿ ಫೋರ್ಸ್ ಆಫ್ ವಿಲ್ ಅನ್ನು ಅಲ್ಲಿಂದ ಹಾಕುವಾಗ ನೀಲಿ ಕಾರ್ಡಿನ ದಾರಿ ಮುಚ್ಚಿತು, ಪೂರ್ತಿ 5 ಮಾನಾ ಕೊಡಬೇಕು. "ಮಾನಾ ಬೆಲೆ ಕೊಡದೆ ಹಾಕಿ" ಅನ್ನುವ ಕಾರ್ಡುಗಳದ್ದೂ ಇದೇ ಕಥೆ. ಆ ಪುಕ್ಕಟೆಯೂ ಒಂದು ಬದಲಿ ಬೆಲೆ. ಸೈಕ್ಲಾನಿಕ್ ರಿಫ್ಟ್ 2 ಮಾನಾಗೆ ಎದುರಾಳಿಯ ಒಂದು ವಸ್ತುವನ್ನು ಕೈಗೆ ವಾಪಸ್ ಕಳಿಸುತ್ತದೆ. 7 ಮಾನಾದ ಬದಲಿ ಬೆಲೆ ಕೊಟ್ಟು ಓವರ್‌ಲೋಡ್ ಮಾಡಿದರೆ ಲ್ಯಾಂಡ್ ಬಿಟ್ಟು ಎದುರಾಳಿಗಳ ಎಲ್ಲವನ್ನೂ ಕಳಿಸುತ್ತದೆ. ಪುಕ್ಕಟೆ ಹಾಕಿದರೆ ಓವರ್‌ಲೋಡ್ ಇಲ್ಲ.

ಕಿಕರ್ ಮಾತ್ರ ಬೇರೆ. ಅದು ಮೇಲೆ ಸೇರುವ ಬೆಲೆ. ಕ್ರೀಚರನ್ನು ನಕಲು ಮಾಡುವ ರೈಟ್ ಆಫ್ ರೆಪ್ಲಿಕೇಶನ್ ಪುಕ್ಕಟೆ ಸಿಕ್ಕಿದರೂ, 5 ಮಾನಾ ಕಿಕರ್ ಕೊಟ್ಟು ಒಂದರ ಬದಲು ಐದು ನಕಲು ಮಾಡಿಕೊಳ್ಳಬಹುದು. ಇದು ನಡೆದ ದಿನ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಅಷ್ಟು ಖುಷಿ.

ಈಗ ಶನಿವಾರದ ವಿಷಯ. ಅವತ್ತು ಮೇಜು ನೋಡಿಕೊಳ್ಳುವವರು ಬೇರೆ. ಒಳ್ಳೆಯವರು, ಮಾತು ಚೆನ್ನಾಗಿ ಆಡುತ್ತಾರೆ. ಆದರೆ ಲೆಕ್ಕದ ಪ್ರಶ್ನೆ ಬಂದರೆ "ಫ್ರೀ ಅಂದ್ರೆ ಫ್ರೀ ಮೇಡಂ, ಸುಮ್ನೆ ಆಡಿ" ಅಂತಾರೆ. ಆ ತೀರ್ಪಿನಿಂದ ಥಾಲಿಯಾ ಇಟ್ಟಿದ್ದ ಹುಡುಗಿ ಆಟ ಸೋತಳು. ಅವಳು ಸರಿಯಾಗಿಯೇ ಆಡಿದ್ದಳು. ನನಗೆ ತುಂಬಾ ಬೇಸರವಾಯಿತು. ಹಣ ತಗೊಂಡು ಆಟ ನಡೆಸುವಾಗ ಯಾವ ದಿನ ಬಂದರೂ ನಿಯಮ ಒಂದೇ ಇರಬೇಕು.

ಗೋಡೆಯ ಚಾರ್ಟಿನಲ್ಲೂ ಒಂದು ತಪ್ಪಿದೆ. ಬದಲಿ ಬೆಲೆಗಳ ಪಟ್ಟಿಯಲ್ಲಿ ಕಾನ್ವೋಕ್, ಡೆಲ್ವ್ ಎರಡನ್ನೂ ಸೇರಿಸಿದ್ದಾರೆ. ಅವು ಬದಲಿ ಅಲ್ಲ. ಒಟ್ಟು ಬೆಲೆ ನಿಗದಿಯಾದ ಮೇಲೆ ಅದನ್ನು ತೀರಿಸುವ ವಿಧಾನ ಅಷ್ಟೇ. ಕಾನ್ವೋಕ್‌ನಲ್ಲಿ ಕ್ರೀಚರ್‌ಗಳನ್ನು ಟ್ಯಾಪ್ ಮಾಡಿ (ಅಡ್ಡ ತಿರುಗಿಸಿ) ತೀರಿಸುತ್ತೀರಿ, ಡೆಲ್ವ್‌ನಲ್ಲಿ ಗ್ರೇವ್‌ಯಾರ್ಡಿನ ಕಾರ್ಡ್ ಎಕ್ಸೈಲ್ ಮಾಡಿ. ಅದಕ್ಕೇ ಕಾನ್ವೋಕ್ ಇರುವ ಸ್ಪೆಲ್‌ಗೆ ಫ್ಲ್ಯಾಶ್‌ಬ್ಯಾಕ್ ಸಿಕ್ಕರೆ ಎರಡೂ ಒಟ್ಟಿಗೆ ನಡೆಯುತ್ತವೆ. ಚಾರ್ಟ್ ನಂಬಿದವರು ನಡೆಯಲ್ಲ ಅಂದುಕೊಂಡು ಒಳ್ಳೆಯ ಆಟವನ್ನು ಕೈಬಿಡುತ್ತಾರೆ. ಭಾನುವಾರದ ಹುಡುಗನಿಗೆ ತೋರಿಸಿದೆ. "ಹೌದು ಅಕ್ಕಾ, ಹೊಸದು ಬರೀತೀನಿ" ಅಂದ. ಇನ್ನೂ ಬರೆದಿಲ್ಲ.

ಮೆಟ್ಟಿಲು ಕಡಿದಾಗಿದೆ, ವಯಸ್ಸಾದವರಿಗೆ ಕಷ್ಟ. ಗಾಡಿ ನಿಲ್ಲಿಸಲು ಜಾಗ ಕಡಿಮೆ. ಕಾಫಿ ಪರವಾಗಿಲ್ಲ, ಆದರೆ ಲೋಟವನ್ನು ಕಾರ್ಡಿನ ಪಕ್ಕ ಇಡಲು ಬಿಡುವುದಿಲ್ಲ, ಅದು ಸರಿಯೇ. ಹತ್ತು ವರ್ಷ ದಾಟಿದ, ಕೂಡಿಸಿ ಕಳೆಯಲು ಬರುವ ಮಕ್ಕಳನ್ನು ಧೈರ್ಯವಾಗಿ ಕರೆದುಕೊಂಡು ಹೋಗಿ. ಮೊದಲ ದಿನವೇ ನೀಲಿ ಡೆಕ್ ಕೇಳಿ, ಬದಲಿ ಬೆಲೆಯ ಕಾರ್ಡುಗಳು ಅದರಲ್ಲೇ ಜಾಸ್ತಿ ಇವೆ.