ವಾಟ್ಸಾಪ್ ಫೋಟೋನ ಟಿಫ್ ಮಾಡಿ ಪ್ರಿಂಟ್ ಹಾಕಿಸಬೇಡಿ, ನಾನು ಹಾಕಿಸಿ ಕೈ ಸುಟ್ಟುಕೊಂಡೆ

ಹೋದ ತಿಂಗಳು ಅಪ್ಪನ ಷಷ್ಟ್ಯಬ್ದಿ ಆಯಿತು. ಹೋಮ ಮುಗಿದು ಅಪ್ಪ ಅಮ್ಮ ಹಾರ ಬದಲಾಯಿಸಿಕೊಳ್ಳುವಾಗ ಅಕ್ಕನ ಮಗ ತನ್ನ ಐಫೋನಿನಲ್ಲಿ ಒಂದು ಫೋಟೋ ಹೊಡೆದ. ದುಡ್ಡು ಕೊಟ್ಟು ಕರೆಸಿದ್ದ ಫೋಟೋಗ್ರಾಫರ್ ಆ ಹೊತ್ತಿಗೆ ಪಂಕ್ತಿಯಲ್ಲಿ ಕೂತಿದ್ದರು, ಅದು ಬೇರೆ ಕತೆ. ಅಮ್ಮ ನಾಚಿಕೊಂಡು ನಗುತ್ತಿರೋ ಫೋಟೋ ಇರುವುದು ಅದೊಂದೇ. ಮನೆಯ ಹಾಲ್‌ನ ಗೋಡೆಗೆ ಹಾಕೋಕೆ 16-24 ಇಂಚಿನ ಫ್ರೇಮ್ ಮಾಡಿಸೋಣ ಅಂದುಕೊಂಡೆ.

ಹುಡುಗ ಪಾಪ ಮೂಲ ಫೈಲನ್ನೇ ಡ್ರೈವ್‌ಗೆ ಹಾಕಿದ್ದ. ನನ್ನ ಹಳೇ ಕಂಪ್ಯೂಟರಿನಲ್ಲಿ ಅದು ತೆರೆಯಲೇ ಇಲ್ಲ. ಹೆಸರಿನ ಕೊನೆಯಲ್ಲಿ ಎಚ್‌ಇಐಸಿ ಅಂತಿತ್ತು, ಐಫೋನ್ ಫೋಟೋ ಇಡೋ ಒಂದು ಬಗೆಯ ಫೈಲು. "ಇದೇನೋ ಓಪನ್ ಆಗ್ತಿಲ್ಲ ಕಣೋ, ಸುಮ್ನೆ ವಾಟ್ಸಾಪ್ ಮಾಡು" ಅಂದೆ. "ಸರಿ ಮಾಮಾ" ಅಂತ ಕಳಿಸಿದ. ತೆರೆಯಿತು. ಫೋನಿನಲ್ಲಿ ನೋಡೋಕೆ ಎಷ್ಟು ಚೆನ್ನಾಗಿತ್ತು ಅಂದರೆ, ಅಲ್ಲೇ ಮುಖಕ್ಕೆ ಸ್ವಲ್ಪ ಬೆಳಕು ಹೆಚ್ಚಿಸಿ, ಸೇವ್ ಮಾಡಿ, ಮತ್ತೆ ತೆಗೆದು ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಕುರ್ಚಿ ಕತ್ತರಿಸಿ, ಇನ್ನೊಮ್ಮೆ ಸೇವ್ ಮಾಡಿದೆ.

ಪ್ರಿಂಟ್ ಹಾಕೋ ಲ್ಯಾಬಿನವರು ಫೋನಿನಲ್ಲಿ, "ದೊಡ್ಡ ಸೈಜಿಗೆ ಟಿಫ್ ಫೈಲ್ ಇದ್ರೆ ತನ್ನಿ ಸಾರ್, ಅದೇ ಬೆಸ್ಟ್" ಅಂದರು. ಟಿಫ್ ಅನ್ನೋದು ಫೋಟೋ ಇಡೋ ಇನ್ನೊಂದು ಬಗೆಯ ಫೈಲು. ಅದಕ್ಕೇನಂತೆ ಅಂತ ಜಾಲತಾಣವೊಂದರಲ್ಲಿ ವಾಟ್ಸಾಪಿನಿಂದ ಬಂದ ಆ ಜೆಪೆಗ್ (ಮಾಮೂಲಿ ಫೋಟೋ ಫೈಲು) ಫೋಟೋನ ಟಿಫ್ ಮಾಡಿದೆ. 240 ಕೆಬಿ ಇದ್ದ ಫೈಲು 5 ಎಂಬಿ ದಾಟಿತು! ಕ್ವಾಲಿಟಿ ಇಪ್ಪತ್ತು ಪಟ್ಟು ಜಾಸ್ತಿ ಆಯ್ತು ಅಂತ ಖುಷಿಪಟ್ಟೆ. ನೀರು ಬೆರೆಸಿದ ಹಾಲನ್ನ ದೊಡ್ಡ ಕ್ಯಾನಿಗೆ ಸುರಿದು, ಹಾಲು ಜಾಸ್ತಿ ಆಯ್ತು ಅಂದ ಹಾಗೆ.

ಫ್ರೇಮ್, ಲ್ಯಾಮಿನೇಷನ್ ಎಲ್ಲಾ ಸೇರಿ 2,600 ರೂಪಾಯಿ. ಮನೆಗೆ ತಂದು ಪೇಪರ್ ಬಿಚ್ಚಿದೆ. ಅಮ್ಮನ ಕೆನ್ನೆ ಮೇಣದ ಗೊಂಬೆಯ ಕೆನ್ನೆ ಹಾಗಿತ್ತು. ಹಿಂದಿನ ಗೋಡೆಯ ಮೇಲೆ ಪಟ್ಟೆ ಪಟ್ಟೆ. ಎಲ್ಲಕ್ಕಿಂತ ಕೆಟ್ಟದ್ದು ಸೀರೆ. ಕೆಂಪು ರೇಷ್ಮೆ ಸೀರೆಯ ಜರಿ ಅಂಚಿನಲ್ಲಿ ಬಣ್ಣ ಆಚೆಗೆ ಕಲೆಸಿಕೊಂಡು, ಹತ್ತಿರ ಹೋದರೆ ಚೌಕಾಬಾರದ ಮನೆಗಳ ಹಾಗೆ ಸಣ್ಣ ಸಣ್ಣ ಚೌಕ. ಸಾಲದ್ದಕ್ಕೆ ಅಪ್ಪನ ಪೇಟದ ತುದಿಯೇ ಇಲ್ಲ.

ಲ್ಯಾಬಿಗೆ ಹೋಗಿ ಕೇಳಿದರೆ "ಫೈಲೇ ಹಾಗಿತ್ತು ಸಾರ್" ಅಂದರು. ನಿಜ, ಫೈಲೇ ಹಾಗಿತ್ತು. ಆದರೆ ಅವರ ಕಂಪ್ಯೂಟರಿನಲ್ಲಿ ಅದನ್ನ ದೊಡ್ಡದಾಗಿ ನೋಡಿದ್ದರೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ದುಡ್ಡು ತಗೊಂಡ ಮೇಲೆ ಅಷ್ಟು ಹೇಳಬಹುದಿತ್ತು, ಅಲ್ವಾ?

ಆಮೇಲೆ ಕೂತು ಲೆಕ್ಕ ಹಾಕಿದೆ. ಐಫೋನಿನ ಮೂಲ ಫೋಟೋ 4032 ಅಡ್ಡ, 3024 ಉದ್ದ, ಅಂದರೆ 1.2 ಕೋಟಿ ಚುಕ್ಕೆ (ಪಿಕ್ಸೆಲ್). ವಾಟ್ಸಾಪಿನಲ್ಲಿ ಬಂದದ್ದು 1600 ಅಡ್ಡ, 1200 ಉದ್ದ. ಕುರ್ಚಿ ಕತ್ತರಿಸಿದ್ದನ್ನ ಲೆಕ್ಕಕ್ಕೆ ಹಿಡಿಯದಿದ್ದರೂ, ಆ 1600 ಚುಕ್ಕೆಯನ್ನ 24 ಇಂಚಿಗೆ ಎಳೆದರೆ ಇಂಚಿಗೆ ಸಿಗುವುದು 66 ಚಿಲ್ಲರೆ. ಒಳ್ಳೇ ಪ್ರಿಂಟಿಗೆ 300 ಇರಬೇಕು ಅಂತಾರೆ. ಗೋಡೆ ಮೇಲೆ ಹಾಕಿ ದೂರದಿಂದ ನೋಡೋದಾದರೆ 150 ಇದ್ದರೂ ನಡೆಯುತ್ತದೆ. 66 ಯಾವುದಕ್ಕೂ ಸಾಲದು. ಫೋಟೋಶಾಪಿನಲ್ಲಿ ಹೋಗಿ ಇಂಚಿಗೆ 72 ಚುಕ್ಕೆ ಅಂತ ಇರೋ ಕಡೆ 300 ಅಂತ ಟೈಪ್ ಮಾಡಿದರೆ ಸರಿಹೋಗುತ್ತೆ ಅಂತ ಹೇಳುವವರೂ ಸಿಕ್ಕರು. ಆಗಲ್ಲ. ಇಲ್ಲದ ಚುಕ್ಕೆ ಎಲ್ಲಿಂದ ಬರಬೇಕು?

ಆ ಚೌಕಗಳು ಜೆಪೆಗ್‌ನ ಗುರುತು. ಅದು ಫೋಟೋನ 8-8 ಚುಕ್ಕೆಗಳ ಮನೆಗಳಾಗಿ ಕತ್ತರಿಸಿ, ಕಣ್ಣಿಗೆ ಅಷ್ಟಾಗಿ ಕಾಣದ ವಿವರವನ್ನು ಬಿಸಾಕಿ ಫೈಲನ್ನು ಚಿಕ್ಕದು ಮಾಡುತ್ತದೆ. ಬೆಳಕಿಗಿಂತ ಬಣ್ಣದ ವಿವರವನ್ನ ಜಾಸ್ತಿ ಬಿಡುತ್ತದೆ, ಅದಕ್ಕೇ ಕೆಂಪು ಸೀರೆ ಮೊದಲು ಹಾಳಾಗೋದು. ಕ್ಯಾಮೆರಾದಿಂದ ನೇರ ಬಂದ ಜೆಪೆಗ್‌ನಲ್ಲಿ ಇದು ಗೊತ್ತೇ ಆಗಲ್ಲ. ವಾಟ್ಸಾಪ್ ಒಮ್ಮೆ ಹಿಂಡಿ, ನಾನು ಎರಡು ಸಲ ತಿದ್ದಿ ಸೇವ್ ಮಾಡಿದ್ದೆನಲ್ಲ, ಪ್ರತಿ ಸಲವೂ ಒಂದಿಷ್ಟು ಹೋಯಿತು. ಟಿಫ್, ಪಿಎನ್‌ಜಿ ಅನ್ನೋ ಫೈಲುಗಳು ಸಾಮಾನ್ಯವಾಗಿ ಹಾಗೆ ಬಿಸಾಕುವುದಿಲ್ಲ, ಇದ್ದದ್ದನ್ನ ಇದ್ದ ಹಾಗೆ ಇಡುತ್ತವೆ. ಅಂದರೆ ನಾನು ಕೊಟ್ಟ ಚೌಕಗಳನ್ನೂ ಆ ಟಿಫ್ ಭಕ್ತಿಯಿಂದ ಹಾಗೇ ಕಾಪಾಡಿತ್ತು. ಒಬ್ಬ ಚಿಕ್ಕಪ್ಪ "ಪಿಎನ್‌ಜಿ ಇನ್ನೂ ಒಳ್ಳೇದು" ಅಂತ ಸ್ಕ್ರೀನ್‌ಶಾಟ್ ತೆಗೆದು ಕಳಿಸಿದರು. ಪಿಎನ್‌ಜಿ ಏನೋ ಹೌದು, ಆದರೆ ಅದರಲ್ಲಿರೋದು ಅವರ ಫೋನ್ ಪರದೆಯಲ್ಲಿ ಎಷ್ಟು ಚುಕ್ಕೆ ಇದೆಯೋ ಅಷ್ಟೇ.

ಎರಡನೇ ಸಲ ಲ್ಯಾಬ್ ಬದಲಾಯಿಸಿದೆ. ಡ್ರೈವ್‌ನಲ್ಲಿದ್ದ ಎಚ್‌ಇಐಸಿ ಫೈಲನ್ನೇ ತಮ್ಮನ ಮ್ಯಾಕ್‌ನಲ್ಲಿ ತೆಗೆದು, ತಿದ್ದೋದನ್ನೆಲ್ಲ ಒಂದೇ ಸಲ ತಿದ್ದಿ, ಕೊನೆಯಲ್ಲಿ ಒಮ್ಮೆ ಮಾತ್ರ ಪೂರ್ತಿ ಕ್ವಾಲಿಟಿಯ ಜೆಪೆಗ್ ಮಾಡಿದೆವು. ಬಣ್ಣ ಎಸ್‌ಆರ್‌ಜಿಬಿ, ಅಂದರೆ ಪರದೆಗಳು ಬಳಸೋ ಮಾಮೂಲಿ ಬಣ್ಣದ ಲೆಕ್ಕ. ಪ್ರಿಂಟ್ ಅಂದರೆ ಸಿಎಂವೈಕೆ (ನಾಲ್ಕು ಶಾಯಿಯ ಲೆಕ್ಕ) ಮಾಡಲೇಬೇಕು ಅಂತ ಯಾರೋ ಹೆದರಿಸಿದ್ದರು. ಅದು ಲಗ್ನಪತ್ರಿಕೆ ಹಾಕೋ ಆಫ್‌ಸೆಟ್ ಪ್ರೆಸ್ಸಿನ ಮಾತು. ಫೋಟೋ ಪೇಪರಿನ ಮೇಲೆ ಬೆಳಕು ಬಿಟ್ಟು ತೊಳೆಯೋ ಈ ಲ್ಯಾಬ್ ಮೆಷಿನ್‌ಗೆ ಎಸ್‌ಆರ್‌ಜಿಬಿಯೇ ಬೇಕು.

ಈ ಲ್ಯಾಬಿನ ಹುಡುಗ ಒಂದು ಉಪಾಯ ಹೇಳಿಕೊಟ್ಟ. ಇಡೀ ಫೋಟೋ ಹಾಕಿಸೋ ಮೊದಲು, ಅಷ್ಟೇ ದೊಡ್ಡ ಅಳತೆಯಲ್ಲಿ ಮುಖ ಮತ್ತು ಸೀರೆ ಅಂಚು ಬರೋ ತುಂಡನ್ನ ಮಾತ್ರ 4-6 ಇಂಚಿನ ಕಾಗದದಲ್ಲಿ ತೆಗೆಸಿ ನೋಡೋದು. ಕೆಲವೇ ರೂಪಾಯಿ ಖರ್ಚು. ನೋಡಿದೆ, ಮೂಲ ಫೈಲಿನ 4032 ಚುಕ್ಕೆ 24 ಇಂಚಿಗೆ ಹರಡಿದರೆ ಇಂಚಿಗೆ 168, ಪರವಾಗಿಲ್ಲ ಅನ್ನಿಸಿತು. ಆದರೂ ನಮ್ಮ ಹಾಲ್ ಚಿಕ್ಕದು, ಎಲ್ಲರೂ ಹತ್ತಿರ ಹೋಗಿಯೇ ನೋಡುತ್ತಾರೆ ಅಂತ 12-18ಕ್ಕೆ ಇಳಿಸಿದೆ. ಪೇಟದ ಗುಟ್ಟೂ ಅವನೇ ಹೇಳಿದ. ಫೋನಿನ ಫೋಟೋ 4:3 ಆಕಾರ, ಈ ಸೈಜುಗಳು 3:2. ಮೇಲೋ ಕೆಳಗೋ ಕತ್ತರಿಸಲೇಬೇಕು. ಎಲ್ಲಿ ಅಂತ ನಾವು ಹೇಳದಿದ್ದರೆ ಮೆಷಿನ್ ತನಗೆ ಬಂದ ಹಾಗೆ ಕತ್ತರಿಸುತ್ತದೆ.

ನಿಮ್ಮ ಮನೆಯಲ್ಲೂ ಐಫೋನ್ ಮಕ್ಕಳಿದ್ದರೆ ಫಂಕ್ಷನ್‌ಗೆ ಮೊದಲೇ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅಲ್ಲಿ ಫಾರ್ಮ್ಯಾಟ್ಸ್, ಅದರಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಒತ್ತಿಸಿ. ನೇರ ಜೆಪೆಗ್ ಬರುತ್ತದೆ, ನನ್ನ ಹಾಗೆ ಒದ್ದಾಡಬೇಕಿಲ್ಲ. ವಾಟ್ಸಾಪಿನಲ್ಲೇ ತರಿಸಬೇಕು ಅಂದರೆ ಫೋಟೋ ಅಂತ ಅಲ್ಲ, ಡಾಕ್ಯುಮೆಂಟ್ ಅಂತ ಕಳಿಸೋಕೆ ಹೇಳಿ. ಎಚ್‌ಡಿ ಗುಂಡಿ ಒತ್ತಿದರೂ ಅದು ಹಿಂಡಿಯೇ ಕಳಿಸೋದು.

ಹೊಸ ಫೋಟೋ ಹಾಲ್‌ನಲ್ಲಿದೆ. ಹಳೇದು ಬೀರುವಿನ ಹಿಂದೆ. ಫ್ರೇಮ್ ಇಟ್ಟುಕೊಂಡು ಒಳಗಿನದು ಎಸೆಯೋಣ ಅಂದರೆ ಅಮ್ಮ ಬಿಡ್ತಿಲ್ಲ. "ಬದುಕಿರೋರ ಫೋಟೋ ಕಸಕ್ಕೆ ಹಾಕ್ತಾರೇನೋ?" ಅಂತಾರೆ.