ಕ್ಯಾಂಪರ್ ವ್ಯಾನ್ ಇಟ್ಕೊಂಡಿರೋರೇ, ನೀರಿನ ಟ್ಯಾಂಕಿಗೆ ಕೂಲೆಂಟ್ ಸುರೀಬೇಡಿ

ಆಲ್ದೂರಿನ ಹತ್ತಿರ ನಮ್ಮ ತೋಟ. ಹಳೇ ಟೆಂಪೊ ಟ್ರಾವೆಲರ್ ಒಂದನ್ನ ಕೊಂಡು, ಒಳಗೆ ಎರಡು ಮಂಚ, ಒಂದು ಸಿಂಕು, ಪುಟ್ಟ ಬಚ್ಚಲು, 90 ಲೀಟರಿನ ನೀರಿನ ಟ್ಯಾಂಕು ಕೂರಿಸಿ ಕ್ಯಾಂಪರ್ ವ್ಯಾನ್ ಮಾಡಿಸ್ಕೊಂಡಿದ್ದೀನಿ. ಮನೇಲಿ ಎಲ್ಲರ ಬಾಯಲ್ಲೂ ಅದು ಮನೆಬಂಡಿ. ದೀಪಾವಳಿ ಕಳೀತಿದ್ದ ಹಾಗೆ ಅರೇಬಿಕಾ ಕುಯ್ಲು, ಅದರ ಬೆನ್ನಿಗೇ ರೋಬಸ್ಟಾ. ಫೆಬ್ರವರಿ ಕೊನೆವರೆಗೂ ಬಂಡಿ ಶೆಡ್ಡು ಬಿಟ್ಟು ಅಲ್ಲಾಡಲ್ಲ. ಅದಕ್ಕೆ ಹೋದ ನವೆಂಬರಿನಲ್ಲಿ, ಚಳಿಗಾಲಕ್ಕೆ ಇಂಥ ಗಾಡಿ ನಿಲ್ಲಿಸೋದು ಹೇಗೆ ಅಂತ ವಿಡಿಯೊ ನೋಡ್ತಾ ಕೂತೆ. ಎಡವಟ್ಟು ಶುರುವಾಗಿದ್ದೇ ಅಲ್ಲಿ.

ನೋಡಿದ್ದೆಲ್ಲ ಕೆನಡಾದವರ ವಿಡಿಯೊ. ಅಲ್ಲಿ ಪೈಪಿನೊಳಗೆ ನೀರು ಹೆಪ್ಪುಗಟ್ಟಿ, ಹಿಗ್ಗಿ, ಪೈಪೇ ಒಡೆದುಹೋಗುತ್ತೆ. ಹಾಗಾಗಿ ನೀರು ಖಾಲಿ ಮಾಡಿ, ಒಂದು ಗುಲಾಬಿ ದ್ರವವನ್ನ ಪೈಪಿನ ತುಂಬ ಹಾಯಿಸ್ತಾರೆ. ಆಂಟಿಫ್ರೀಜ್ ಅಂತ ಹೆಸರು. ಹಾಸನಕ್ಕೆ ಹೋಗಿದ್ದಾಗ ಬಿಡಿಭಾಗದ ಅಂಗಡಿಯೊಂದರಲ್ಲಿ ಆಂಟಿಫ್ರೀಜ್ ಕೇಳಿದೆ. ಹಸಿರು ಕ್ಯಾನು ತೆಗೆದಿಟ್ಟು "ಇದೇ ಸಾರ್" ಅಂದ. ಅವನೇನೂ ಸುಳ್ಳು ಹೇಳಲಿಲ್ಲ, ಕ್ಯಾನಿನ ಮೇಲೂ ಹಾಗೇ ಬರೆದಿತ್ತು. ಯಾವುದಕ್ಕೆ ಅಂತ ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಮೂರು ಕ್ಯಾನು ತಂದೆ. ಎರಡನ್ನ ಟ್ಯಾಂಕಿಗೆ ಸುರಿದು, ಪಂಪ್ ಹಾಕಿ, ಒಂದೊಂದೇ ನಲ್ಲಿಯಲ್ಲಿ ಹಸಿರು ಬರೋವರೆಗೂ ಬಿಟ್ಟೆ. ಏನೋ ದೊಡ್ಡ ಕೆಲಸ ಮಾಡಿದ ಹಾಗೆ ಫೋಟೊ ಬೇರೆ ತೆಗೆದೆ.

ನೀರು ಹೆಪ್ಪುಗಟ್ಟೋದು 0 ಡಿಗ್ರಿಗೆ. ಡಿಸೆಂಬರಿನ ಬೆಳಗ್ಗೆ ಕಣದಲ್ಲಿ ಕಾಫಿ ಹರವೋವಾಗ ನಾವು ನಡುಗೋದೇನೋ ನಿಜ, ಥರ್ಮಾಮೀಟರ್ ನೋಡಿದ್ರೆ 13, 14. ಈ ಲೆಕ್ಕ ಅವತ್ತು ನನ್ನ ತಲೆಗೆ ಹೊಳೀಲೇ ಇಲ್ಲ.

ಫೆಬ್ರವರಿ ಕೊನೇಲಿ ಮುರುಡೇಶ್ವರಕ್ಕೆ ಹೊರಡೋದು ಅಂತಾಯ್ತು. ಟ್ಯಾಂಕು ಖಾಲಿ ಮಾಡಿ, ಎರಡು ಸಲ ನೀರು ತುಂಬಿ ಬಿಟ್ಟೆ. ಸಾಕು ಅಂದ್ಕೊಂಡೆ. ಮಾರನೇ ಬೆಳಗ್ಗೆ ಅಂಗಳದಲ್ಲೇ, ಸ್ಟೌ ಸರಿಯಿದೆಯಾ ನೋಡೋಣ ಅಂತ ನನ್ನ ಹೆಂಡತಿ ಬಂಡಿ ಒಳಗೆ ಕಾಫಿಗಿಡೋಕೆ ಹೋದಳು. "ರೀ, ಸ್ವಲ್ಪ ಇಲ್ಲಿ ಬನ್ನಿ" ಅಂದಳು. ಬಿಳಿ ಪಿಂಗಾಣಿ ಕಪ್ಪಿನಲ್ಲಿ ನೀರು ಹಿಡಿದಿದ್ದಳು. ತಳದಲ್ಲಿ, ಪಾತ್ರೆ ಸೋಪು ಸರಿಯಾಗಿ ತೊಳೀದೆ ಉಳಿದ ಹಾಗೆ, ತೆಳು ಹಸಿರು. ಬೆರಳದ್ದಿ ಉಜ್ಜಿದ್ರೆ ಜಾರುತ್ತೆ. ನನಗೆ ಎಲ್ಲವನ್ನೂ ನಾಲಿಗೆಗೆ ಹಚ್ಚಿ ನೋಡೋ ಚಾಳಿ. ಅವಳು ಕೈ ಹಿಡಿದು ನಿಲ್ಲಿಸಿದಳು.

ಅಕ್ಕನ ಮಗ ಡಾಕ್ಟರು. ಫೋನ್ ಮಾಡಿದ್ರೆ ಅವನ ಮೊದಲ ಮಾತು, "ಮಾವ, ಯಾರೂ ಕುಡಿದಿಲ್ಲ ತಾನೆ?"

ನಾನು ಸುರಿದದ್ದು ಎಂಜಿನ್ ತಣ್ಣಗಿಡೋಕೆ ಹಾಕೋ ರೇಡಿಯೇಟರ್ ಕೂಲೆಂಟು. ಅದರಲ್ಲಿ ಸಾಮಾನ್ಯವಾಗಿ ಇರೋದು ಎಥಿಲೀನ್ ಗ್ಲೈಕಾಲ್, ವಿಷ. ಕುಡಿದವರು ಮೊದಲು ಹೆಂಡ ಕುಡಿದವರ ಹಾಗೆ ತೂರಾಡ್ತಾರೆ, ಒಂದೆರಡು ದಿನದಲ್ಲಿ ಕಿಡ್ನಿ ಹೋಗುತ್ತೆ. ರುಚಿ ಸಿಹಿ, ಹಾಗಾಗಿ ಮಕ್ಕಳು, ನಾಯಿಗಳು ಬಾಯಿ ಹಾಕೋದು ಜಾಸ್ತಿ. ಕಾಯಿಸಿದ್ರೂ ಹೋಗಲ್ಲ, ಅದು ಕುದಿಯೋದೇ 197 ಡಿಗ್ರಿಗೆ. ವಿಡಿಯೊದವರು ಹಾಕ್ತಿದ್ದದ್ದು ಪ್ರೊಪಿಲೀನ್ ಗ್ಲೈಕಾಲ್, ಅದು ಬೇರೆ. ಬಣ್ಣ ನೋಡಿ ನಂಬೋ ಹಾಗೂ ಇಲ್ಲ, ಗುಲಾಬಿ ಬಣ್ಣದ ಕೂಲೆಂಟೂ ಅಂಗಡಿಯಲ್ಲಿ ಸಿಗುತ್ತೆ.

ಇದನ್ನೆಲ್ಲ ಕೇಳ್ತಾ ಇರೋವಾಗ ಹಿಂದಿನ ದಿನದ್ದು ನೆನಪಾಯ್ತು. ಟ್ಯಾಂಕಿನಿಂದ ಬಿಟ್ಟ ನೀರು ಶೆಡ್ ಪಕ್ಕ ನಿಂತಿತ್ತು, ನಮ್ಮ ನಾಯಿ ಮೂಸ್ತಾ ಇತ್ತು. ಕಾಲೆಲ್ಲ ಕೆಸರು ಮಾಡ್ಕೊಂಡು ಜಗುಲಿ ಹತ್ತುತ್ತೆ ಅಂತ ಗದರಿಸಿ ಓಡಿಸಿದ್ದೆ. ಅಷ್ಟೇ ಕಾರಣ. ಫೋನ್ ಇಟ್ಟವನೇ ಆ ಗುಂಡಿಗೆ ಮಣ್ಣು ಮುಚ್ಚಿದೆ. ಮೂರು ದಿನ ನಾಯಿಯ ಮುಖ ನೋಡೋದೇ ಕೆಲಸ. ಪುಣ್ಯ, ಏನೂ ಆಗಲಿಲ್ಲ.

ಟ್ಯಾಂಕು, ಪಂಪು, ಪೈಪು ಎಲ್ಲ ಕಿತ್ತು ಹೊಸದು ಹಾಕಿಸಿದೆ. ತೊಳೆದ್ರೆ ಸಾಕು ಅಂದವರೂ ಇದ್ದರು. ಆ ನಲ್ಲಿ ನೀರಲ್ಲಿ ಮಾಡಿದ ಕಾಫಿ ನನ್ನ ಗಂಟಲಲ್ಲಿ ಇಳೀತಿರಲಿಲ್ಲ. 14 ಸಾವಿರ ಚಿಲ್ಲರೆ ಹೋಯ್ತು, ಮುರುಡೇಶ್ವರವೂ ತಪ್ಪಿತು.

ನಮ್ಮ ಕಡೆ ಮಾಡಬೇಕಾದ್ದು ಬರೀ ಇಷ್ಟು: ಟ್ಯಾಂಕಿನ ತಳದ ಬಿರಡೆ ತೆಗೆದು ಖಾಲಿ ಮಾಡಿ, ಬಿಸಿನೀರಿಂದು ತಣ್ಣೀರಿಂದು ಎಲ್ಲ ನಲ್ಲಿನೂ ತೆರೆದು ಹಾಗೇ ಬಿಡೋದು. ಗೀಸರ್ ಇದ್ರೆ ಅದನ್ನೂ ಖಾಲಿ ಮಾಡಿ. ಒಳಗೆ ನೀರು ನಿಂತ್ರೆ ಪಾಚಿ, ವಾಸನೆ.

ಇಲ್ಲದ ಹಿಮಕ್ಕೆ ಇಷ್ಟೆಲ್ಲ ಮಾಡಿದವನು ಇರೋ ತೇವಕ್ಕೆ ಏನೂ ಮಾಡಿರಲಿಲ್ಲ. ಧೂಳು ಬೀಳದಿರಲಿ ಅಂತ ಪ್ಲಾಸ್ಟಿಕ್ ಟಾರ್ಪಾಲನ್ನ ಬಂಡಿಗೆ ಬಿಗಿಯಾಗಿ ಸುತ್ತಿ ಕಟ್ಟಿದ್ದೆ. ಡಿಸೆಂಬರಿನ ಸೈಕ್ಲೋನ್ ಮಳೆ, ಆಮೇಲೆ ದಿನಾ ಇಬ್ಬನಿ. ಒಳಗಿನ ತೇವಕ್ಕೆ ಹೊರಗೆ ಹೋಗೋ ದಾರಿಯೇ ಇಲ್ಲ. ಹಾಸಿಗೆ ಎತ್ತಿದ್ರೆ ಅಡಿಯೆಲ್ಲ ಕಪ್ಪು ಬೂಷ್ಟು, ಮುಚ್ಚಿಟ್ಟಿದ್ದ ಫ್ರಿಜ್ಜು ತೆರೆದ್ರೆ ಮೂಗು ಮುಚ್ಕೋಬೇಕು. ಶೆಡ್ಡು ಇರೋರಿಗೆ ಟಾರ್ಪಾಲು ಬೇಡವೇ ಬೇಡ. ಹಾಸಿಗೆ ಗೋಡೆಗೆ ಒರಗಿಸಿ ನಿಲ್ಲಿಸಿ, ಫ್ರಿಜ್ ಬಾಗಿಲಿಗೆ ಒಂದು ಬಟ್ಟೆ ಸಿಕ್ಕಿಸಿ ಸಂದು ಬಿಡಿ, ಕಿಟಕಿ ಬೆರಳಷ್ಟು ತೆರೆದು ಜಾಲರಿ ಹಾಕಿ. ಒಂದು ಬಿಸ್ಕತ್ ಪೊಟ್ಟಣ ಮರೆತು ಬಿಟ್ಟಿದ್ದೆ, ಇಲಿಗಳು ಅದನ್ನ ಮುಗಿಸಿ ಪಂಪಿನ ವೈರಿಗೂ ಬಾಯಿ ಹಾಕಿದ್ದವು.

ಬ್ಯಾಟರಿ ಕತೆ ಎಲ್ಲರಿಗೂ ಗೊತ್ತಿರೋದೇ. ಇನ್ವರ್ಟರ್ ಆನ್ ಇತ್ತು, 12.6 ವೋಲ್ಟ್ ಇದ್ದದ್ದು 9ಕ್ಕೆ ಇಳಿದು ಸತ್ತೇ ಹೋಗಿತ್ತು. ನೆಗೆಟಿವ್ ಟರ್ಮಿನಲ್ ಕಳಚಿಡಿ, ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಹ್ಯಾಂಡ್‌ಬ್ರೇಕ್ ಎಳೆದಿಟ್ಟದ್ದಕ್ಕೆ ಹಿಂದಿನ ಚಕ್ರದ ಲೈನರ್ ಡ್ರಮ್ಮಿಗೆ ಕಚ್ಚಿಕೊಂಡು, ಮೆಕ್ಯಾನಿಕ್ ಬಂದು ಸುತ್ತಿಗೆಯಲ್ಲಿ ಬಡಿದು ಬಿಡಿಸಿದ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಗ್ಯಾಸ್ ಸಿಲಿಂಡರ್ ಮಾತ್ರ ನಾನು ಕಳಚಿ ಹೊರಗಿಟ್ಟಿದ್ದೆ, ಅದೊಂದು ಬುದ್ಧಿ ಇತ್ತು.

ಮೂರನೇ ಕ್ಯಾನು ಒಡೆಯದೇ ಉಳಿದಿತ್ತು. ಹೋದ ವಾರ ನೀರು ಬೆರೆಸಿ ತೋಟದ ಪಿಕಪ್ಪಿನ ರೇಡಿಯೇಟರಿಗೆ ಹಾಕಿದೆ. ಅಲ್ಲಿ ಚೆನ್ನಾಗೇ ಕೆಲಸ ಮಾಡ್ತಿದೆ.